ದುಡಿದುಣ್ಣುವ ರೊಟ್ಟಿಗೆ ಸ್ತೋತ್ರವೇಕೆ?

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನಲ್ಲಿ ಕುಬಿಹಾಳ ಎಂಬ ಊರಿದೆ. ಆ ಸೀಮೆಯ ಬಹುಭಾಗ ಎರೆನೆಲ. ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿದೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ, ಕುಸುಬಿ. ಹದ ನೋಡಿ ಬಿತ್ತುವವನು ರೈತ, ಆದರೆ ಹದವನ್ನು ಕೊಡುವವನು ಅವನಲ್ಲ. ಮಳೆ ಹೆಚ್ಚಾದರೆ ಎರೆ ಹೊಲದಲ್ಲಿ ಕಾಲಿಡಲಾಗದು. ಮಳೆ ಹೋದರೆ ಅದೇ ಹೊಲ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಈ ಎರಡರ ನಡುವಣ ಕೆಲವೇ ದಿನಗಳಲ್ಲಿ ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ಕಸ ತೆಗೆಯುವುದು ಎಲ್ಲವೂ ನಡೆಯಬೇಕು.

ಇಂಥ ಊರಿನ ಸಭೆಯಲ್ಲಿ ಸಭಾಪಾಲಕನು ಅನುದಿನದ ಆಹಾರಕ್ಕಾಗಿ ದೇವರಿಗೆ ಸ್ತೋತ್ರ ಸಲ್ಲಿಸೋಣವೆಂದು ಕರೆದಾಗ ಅವನ ಮುಂದೆ ಎರಡು ಪ್ರಶ್ನೆಗಳು ಕುಳಿತಿರುತ್ತವೆ. ಸ್ವಂತ ಹೊಲವುಳ್ಳವನ ಮನಸ್ಸಿನಲ್ಲಿರುವ ಪ್ರಶ್ನೆ ಇದು: ಬೆವರು ಸುರಿಸಿದವನು ನಾನು, ಸಾಲ ಮಾಡಿ ಬೀಜ ತಂದವನು ನಾನು, ನಾನು ದುಡಿದು ತಂದ ರೊಟ್ಟಿಗೆ ಇನ್ನೊಬ್ಬರಿಗೆ ಸ್ತೋತ್ರವೇಕೆ? ಪರರ ಹೊಲದಲ್ಲಿ ದಿನವಿಡೀ ಬಾಗಿ ಕಸ ತೆಗೆದು ಬಂದ ಕೂಲಿಯ ಹೆಣ್ಣುಮಗಳ ಪ್ರಶ್ನೆ ಬೇರೆ: ನಾನು ನ್ಯಾಯವಾಗಿಯೇ ದುಡಿದೆ, ಆದರೂ ಮನೆಗೆ ಸಾಲುವಷ್ಟು ಬರಲಿಲ್ಲ, ಯಾವುದಕ್ಕಾಗಿ ಸ್ತೋತ್ರ? ಇವೆರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳದ ಪ್ರಸಂಗವು ಒಬ್ಬನ ಗರ್ವವನ್ನು ಮುಟ್ಟದೆ ಹೋಗುತ್ತದೆ, ಇಲ್ಲವೆ ಇನ್ನೊಬ್ಬಳ ಗಾಯಕ್ಕೆ ಉಪ್ಪು ಸವರುತ್ತದೆ. ಆದುದರಿಂದ ದುಡಿಮೆಗೂ ದೇವರ ಪೋಷಣೆಗೂ ಇರುವ ಸಂಬಂಧವನ್ನು ಸತ್ಯವೇದವು ಹೇಗೆ ತಿಳಿಸುತ್ತದೆಂಬುದನ್ನು ಇಲ್ಲಿ ವಿಚಾರಿಸಲು ಬಯಸುತ್ತೇವೆ.

1. ಬೇಡಿಕೆಯ ಅಳತೆ

ಕರ್ತನ ಪ್ರಾರ್ಥನೆಯ ನಾಲ್ಕನೆಯ ಬೇಡಿಕೆಯಲ್ಲಿ (ಮತ್ತಾಯ 6:11, ಲೂಕ 11:3) ‘ಅನುದಿನದ’ ಎಂದು ನಾವು ಓದುವ ಮಾತಿಗೆ ಮೂಲದಲ್ಲಿ ‘ಎಪಿಊಸಿಯೊಸ್’ ಎಂಬ ಗ್ರೀಕ್ ಪದವಿದೆ. ಈ ಪದವು ಗ್ರೀಕ್ ವಿದ್ವಾಂಸರ ಬರಹಗಳಲ್ಲಿಯೂ ಜನಸಾಮಾನ್ಯರ ಮಾತಿನಲ್ಲಿಯೂ ಕಾಣದೆಂದು, ಸುವಾರ್ತಿಕರೇ ಇದನ್ನು ರೂಪಿಸಿರಬೇಕೆಂದು ಮೂರನೆಯ ಶತಮಾನದಲ್ಲಿಯೇ ಒರಿಗೆನ್ ಗಮನಿಸಿದ್ದನು. ಇದರ ಅರ್ಥವನ್ನು ಕೆಲವರು ‘ಬದುಕಿಗೆ ಬೇಕಾದ’ ಎಂದೂ, ಕೆಲವರು ‘ಈ ದಿನದ’ ಎಂದೂ, ಮತ್ತೆ ಕೆಲವರು ‘ಬರಲಿರುವ ದಿನದ’ ಎಂದೂ ತೆಗೆದುಕೊಂಡಿದ್ದಾರೆ. ಜೆರೋಮನು ಲತೀನ್ ಸತ್ಯವೇದದಲ್ಲಿ ಲೂಕನ ಪಾಠಕ್ಕೆ ‘ದಿನದಿನದ’ ಎಂಬ ಅರ್ಥದ ಪದವನ್ನು ಉಳಿಸಿಕೊಂಡು, ಮತ್ತಾಯನ ಪಾಠದಲ್ಲಿ ಅದೇ ಗ್ರೀಕ್ ಪದಕ್ಕೆ ಸಾಮಾನ್ಯ ಆಹಾರವನ್ನು ಮೀರಿದ ರೊಟ್ಟಿ ಎಂಬರ್ಥದ ಪದವನ್ನು ಬಳಸಿದನು.

ಈ ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ಒಂದು ಸಂಗತಿ ಸ್ಥಿರವಾಗಿದೆ: ಬೇಡಿಕೆಗೆ ಅಳತೆಯುಂಟು. ಹಗೇವು ತುಂಬಲಿ ಎಂದು ಕೇಳುವುದನ್ನು ಕರ್ತನು ನಮಗೆ ಕಲಿಸಲಿಲ್ಲ; ಬದುಕಿಗೆ ಬೇಕಾದಷ್ಟನ್ನು ಕೇಳಲು ಕಲಿಸಿದನು. ಬಡತನವೂ ಬೇಡ, ಸಿರಿಯೂ ಬೇಡ, ತಕ್ಕಷ್ಟು ಆಹಾರ ಸಾಕೆಂದು ಬೇಡುವ ಆಗೂರನ ಪ್ರಾರ್ಥನೆ (ಜ್ಞಾನೋಕ್ತಿ 30:8-9) ಇದರ ಹಿಂದೆ ಕೇಳಿಬರುತ್ತದೆ. ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಈ ಬೇಡಿಕೆಯಲ್ಲಿ ‘ನನ್ನ’ ಎಂಬ ಮಾತಿಲ್ಲ, ‘ನಮ್ಮ’ ಎಂದಿದೆ. ಹೊಲದ ಒಡೆಯನೂ ಆ ಹೊಲದಲ್ಲಿ ಕಸ ತೆಗೆದವಳೂ ಒಂದೇ ಉಸಿರಿನಲ್ಲಿ ಒಂದೇ ರೊಟ್ಟಿಯನ್ನು ಬೇಡುತ್ತಾರೆ. ತನ್ನ ಪಾಲು ಬಂದೊಡನೆ ಈ ಪ್ರಾರ್ಥನೆ ನೆರವೇರಿತೆಂದು ಎಣಿಸುವವನು ಅದನ್ನು ಅರ್ಧ ಮಾತ್ರ ಹೇಳಿದವನು.

2. ಇಟ್ಟವನು ಒಬ್ಬನು, ಆಯುವವನು ಇನ್ನೊಬ್ಬನು

ಹಳೆಯ ಒಡಂಬಡಿಕೆಯಲ್ಲಿ ‘ಲಾಕತ್’ ಎಂಬ ಇಬ್ರಿಯ ಕ್ರಿಯಾಪದವೊಂದಿದೆ. ಆಯುವುದು, ಹೆಕ್ಕುವುದು, ಕೂಡಿಸಿಕೊಳ್ಳುವುದು ಎಂದು ಅದರ ಅರ್ಥ. ನಮ್ಮ ವಿಚಾರಕ್ಕೆ ಮುಖ್ಯವಾದ ನಾಲ್ಕು ಪಾಠಗಳಲ್ಲಿ ಇದೇ ಧಾತು ಬರುತ್ತದೆ. ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಿದರೆ ದುಡಿಮೆಯ ಕುರಿತಾದ ಸತ್ಯವೇದದ ನೋಟ ತೆರೆದುಕೊಳ್ಳುತ್ತದೆ.

ಮೊದಲನೆಯದು ಮನ್ನಾದ ಪಾಠ (ವಿಮೋಚನಕಾಂಡ 16). ಮನ್ನಾ ಸುರಿದದ್ದು ದೇವರ ಕೈಯಿಂದ; ಆದರೆ ಅದು ಡೇರೆಯೊಳಗೆ, ತಟ್ಟೆಯ ಮೇಲೆ ಬೀಳಲಿಲ್ಲ. ಮುಂಜಾನೆ ಎದ್ದು ಪಾಳೆಯದ ಹೊರಗೆ ಹೋಗಿ, ಬಿಸಿಲೇರುವ ಮುನ್ನ ಬಾಗಿ ಆಯಬೇಕಾಗಿತ್ತು. ಆಯದವನಿಗೆ ಊಟವಿಲ್ಲ. ಆದರೂ ಆಯ್ದವರಲ್ಲಿ ಯಾರೂ ಮನ್ನಾವನ್ನು ತಾನು ಉಂಟುಮಾಡಿದೆನೆಂದು ಹೇಳಿಕೊಳ್ಳುವಂತಿರಲಿಲ್ಲ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ತಲೆಗೆ ಒಂದು ಓಮೆರಿನ ಲೆಕ್ಕ. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾರಿತು. ಸಬ್ಬತ್ತಿಗೆಂದು ಇಟ್ಟದ್ದು ಮಾತ್ರ ಕೆಡಲಿಲ್ಲ.

ಎರಡನೆಯದು ಯಾಜಕಕಾಂಡ 19:9-10. ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಬೋಳಿಸಬಾರದು, ಉದುರಿದ ತೆನೆಯನ್ನು ಒಡೆಯನು ಆರಿಸಿಕೊಳ್ಳಬಾರದು. ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಹೀಗೆ ಉದುರಿದ್ದಕ್ಕೆ ಇಬ್ರಿಯ ಭಾಷೆಯಲ್ಲಿ ‘ಲೆಕೆತ್’ ಎಂದು ಹೆಸರು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತು ‘ಹಕ್ಕಲು’. ಕೊಯ್ಲು ಮುಗಿದ ಹೊಲದಲ್ಲಿ ಹಕ್ಕಲು ಆಯುವುದು ನಮ್ಮ ನಾಡಿನ ಬಡವರಿಗೂ ತಿಳಿದಿರುವ ಕೆಲಸವೇ. ಧರ್ಮಶಾಸ್ತ್ರವು ಅದನ್ನು ಒಡೆಯನ ದಯೆಗೆ ಬಿಡದೆ ದೇವರ ಆಜ್ಞೆಯನ್ನಾಗಿ ಮಾಡಿತು.

ಮೂರನೆಯದು ರೂತಳ ಕಥೆ. ಅವಳು ಮುಂಜಾನೆಯಿಂದ ಸಾಯಂಕಾಲದವರೆಗೆ ಬೋವಜನ ಹೊಲದಲ್ಲಿ ಹಕ್ಕಲಾಯ್ದು, ಬಡಿದು ನೋಡಿದಾಗ ಸುಮಾರು ಒಂದು ಏಫ ಜವೆಗೋಧಿ ಆಯಿತು (ರೂತಳು 2:17). ಓಮೆರು ಏಫದ ಹತ್ತನೆಯ ಒಂದು ಪಾಲೆಂದು ವಿಮೋಚನಕಾಂಡ 16:36 ತಿಳಿಸುತ್ತದೆ. ಅಂದರೆ ಅವಳ ಒಂದು ದಿನದ ಆಯ್ಕೆ ಮನ್ನಾದ ಲೆಕ್ಕದಲ್ಲಿ ಹತ್ತು ಜನರ ಪಾಲು. ಇದು ಅವಳ ದುಡಿಮೆಯೋ, ಬೋವಜನ ಕೊಡುಗೆಯೋ? ಅವಳು ದುಡಿದದ್ದು ನಿಜ. ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಅವಳಿಗಾಗಿ ಬಿಡಿರೆಂದು ಬೋವಜನು ಆಳುಗಳಿಗೆ ಹೇಳಿದ್ದೂ ನಿಜ (2:16). ಮನೆಯಲ್ಲಿ ಆ ಧಾನ್ಯವನ್ನು ಕಂಡ ನೊವೊಮಿಯು ಮೊದಲು ಹೊಲದ ಒಡೆಯನನ್ನು ಹರಸಿದಳು, ಬಳಿಕ ಕರುಣೆಯನ್ನು ಮರೆಯದ ಯೆಹೋವನನ್ನು ನೆನೆದಳು (2:19-20). ಒಂದು ಸ್ತೋತ್ರವು ಇನ್ನೊಂದನ್ನು ಅಳಿಸಲಿಲ್ಲ.

ನಾಲ್ಕನೆಯದು 104ನೆಯ ಕೀರ್ತನೆ. ಮನುಷ್ಯನು ಬೆಳಿಗ್ಗೆ ಹೊರಟು ಸಾಯಂಕಾಲದವರೆಗೆ ದುಡಿಯುವುದನ್ನು (ವಚನ 23) ಕೀರ್ತನೆಗಾರನು ಸೃಷ್ಟಿಯ ಕ್ರಮದೊಳಗೇ ಇಟ್ಟಿದ್ದಾನೆ. ಅದೇ ಕೀರ್ತನೆಯ 28ನೆಯ ವಚನದಲ್ಲಿ ಜೀವಿಗಳೆಲ್ಲವೂ ದೇವರು ಕೊಟ್ಟದ್ದನ್ನು ಆಯ್ದುಕೊಳ್ಳುತ್ತವೆ. ಅಲ್ಲಿಯೂ ಅದೇ ಲಾಕತ್. ಕೊಡುವುದು ದೇವರ ಕೆಲಸ, ಆಯುವುದು ಜೀವಿಗಳ ಕೆಲಸ.

ಈ ನಾಲ್ಕು ಪಾಠಗಳ ಸಾರ ಇಷ್ಟು: ದುಡಿಮೆಯು ಆಹಾರದ ಮೂಲವಲ್ಲ, ಆಹಾರವನ್ನು ಆಯ್ದುಕೊಳ್ಳುವ ಕೈ. ಕೈ ಸುಳ್ಳಲ್ಲ, ಕೈಯಿಲ್ಲದೆ ಆಯ್ಕೆಯಿಲ್ಲ. ಆದರೆ ಕೈ ಆಯುವುದು ಇನ್ನೊಂದು ಕೈ ಇಟ್ಟದ್ದನ್ನು. ಮೊದಲನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡನೆಯ ಪ್ರಶ್ನೆಗೆ ಉತ್ತರ ಹೊರಡುವುದೂ ಇಲ್ಲಿಂದಲೇ, ಏಕೆಂದರೆ ಬಡವಳಿಗೆ ಆಯಲು ಏನನ್ನೂ ಉಳಿಸದ ಹೊಲವು ದೇವರ ಆಜ್ಞೆಯನ್ನು ಮೀರಿದ ಹೊಲ.

3. ಮನ್ನಾ ನಿಂತ ಮೇಲೆ

ಮನ್ನಾ ಎಂದೆಂದಿಗೂ ಸುರಿಯಲಿಲ್ಲ. ಇಸ್ರಾಯೇಲ್ಯರು ಕಾನಾನಿನ ಬೆಳೆಯನ್ನು ಉಂಡ ಮರುದಿನವೇ ಅದು ನಿಂತಿತೆಂದು ಯೆಹೋಶುವ 5:12 ಹೇಳುತ್ತದೆ. ದೇವರು ಪೋಷಿಸುವುದನ್ನು ಅಂದು ನಿಲ್ಲಿಸಲಿಲ್ಲ, ಪೋಷಿಸುವ ರೀತಿಯನ್ನು ಬದಲಾಯಿಸಿದನು. ಮನ್ನಾ ಕಾಣಿಸುತ್ತಿದ್ದ ಅರಣ್ಯದಲ್ಲಿ ದೇವರನ್ನು ನೆನೆಯುವುದು ಸುಲಭವಾಗಿತ್ತು. ಉಳುಮೆ, ಬಿತ್ತಿಗೆ, ರಾಶಿಗಳ ನಾಡಿನಲ್ಲಿ ಅದು ಕಷ್ಟವಾಯಿತು. ಈ ಅಪಾಯವನ್ನು ಧರ್ಮೋಪದೇಶಕಾಂಡದ 8ನೆಯ ಅಧ್ಯಾಯ ಮುಂದಾಗಿಯೇ ಕಂಡಿದೆ: ಉಂಡು ತೃಪ್ತನಾದವನು ತನ್ನ ತೋಳ್ಬಲದಿಂದಲೇ ಇದೆಲ್ಲ ದೊರಕಿತೆಂದು ಹೃದಯದಲ್ಲಿ ಅಂದುಕೊಳ್ಳುತ್ತಾನೆ, ಆದರೆ ಸಂಪಾದಿಸುವ ಬಲವನ್ನು ಕೊಟ್ಟವನೇ ಯೆಹೋವನು (8:17-18). ಬೆಳೆಯಷ್ಟೇ ಅಲ್ಲ, ಬೆಳೆಯುವ ಬಲವೂ ವರವೇ.

ಯೆಶಾಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ (28:23-29). ಉಳುವುದನ್ನು ಎಲ್ಲಿ ನಿಲ್ಲಿಸಬೇಕು, ಯಾವ ಬೀಜವನ್ನು ಚೆಲ್ಲಬೇಕು, ಯಾವುದನ್ನು ಸಾಲಿನಲ್ಲಿ ಬಿತ್ತಬೇಕು, ಜೀರಿಗೆಯನ್ನು ಕೋಲಿನಿಂದ ಬಡಿಯಬೇಕೇ ಹೊರತು ಬಂಡಿಯ ಗಾಲಿಯಿಂದ ತುಳಿಸಬಾರದು ಎಂಬ ತಿಳಿವಳಿಕೆಯೆಲ್ಲ ದೇವರು ರೈತನಿಗೆ ಕಲಿಸಿದ್ದೆಂದು ಅವನು ಹೇಳುತ್ತಾನೆ. ಎರೆಯ ಹದವನ್ನು ಕಾಲಡಿಯ ಮಣ್ಣಿನಿಂದ ಅರಿಯುವ, ಕೂರಿಗೆಯ ತಾಳಿನ ಆಳವನ್ನು ಕೈಯ ಅಂದಾಜಿನಿಂದ ಹಿಡಿಯುವ ನಮ್ಮ ರೈತರ ಜ್ಞಾನವನ್ನು ಯೆಶಾಯನ ಈ ಮಾತಿನ ಬೆಳಕಿನಲ್ಲಿ ಗೌರವಿಸಬೇಕು. ಹಳ್ಳಿಯ ಸಭೆಯಲ್ಲಿ ಬೋಧಿಸುವವನು ದೇವರಿಂದ ಕಲಿತವರ ನಡುವೆ ನಿಂತಿದ್ದಾನೆ.

ಸುಧಾರಣೆಯ ಕಾಲದ ಬೋಧಕರು ಇದನ್ನು ಸ್ಪಷ್ಟವಾಗಿ ಕಂಡರು. ಲೂಥರನು 147ನೆಯ ಕೀರ್ತನೆಯ ವ್ಯಾಖ್ಯಾನದಲ್ಲಿ ಮನುಷ್ಯರ ದುಡಿಮೆಯನ್ನು ದೇವರ ಮುಖವಾಡವೆಂದು ಕರೆದನು. ಹೊಲದಲ್ಲಿ, ಮನೆಯಲ್ಲಿ, ಆಡಳಿತದಲ್ಲಿ ದುಡಿಯುವವರ ಹಿಂದೆ ಮರೆಯಾಗಿ ನಿಂತು ದೇವರೇ ಎಲ್ಲವನ್ನೂ ಒದಗಿಸುತ್ತಾನೆ. 1529ರ ತನ್ನ ಕಿರಿಯ ಪ್ರಶ್ನೋತ್ತರಿಯಲ್ಲಿ ಅನುದಿನದ ಆಹಾರವನ್ನು ವಿವರಿಸುವಾಗ ಅವನು ಊಟ, ಬಟ್ಟೆ, ಹೊಲ, ದನಕರುಗಳೊಡನೆ ಒಳ್ಳೆಯ ಆಡಳಿತ, ಒಳ್ಳೆಯ ಹವೆ, ಸಮಾಧಾನ, ನಂಬಿಗಸ್ತ ನೆರೆಯವರು ಇವನ್ನೂ ಸೇರಿಸಿದನು. 1563ರ ಹೈಡೆಲ್ಬರ್ಗ್ ಪ್ರಶ್ನೋತ್ತರಿಯು ಈ ಬೇಡಿಕೆಯನ್ನು ವಿವರಿಸುತ್ತಾ, ದೇವರ ಆಶೀರ್ವಾದವಿಲ್ಲದೆ ನಮ್ಮ ಚಿಂತೆ ದುಡಿಮೆಗಳು ಫಲಿಸವೆಂದು ಬೋಧಿಸುತ್ತದೆ; ಕ್ರೈಸ್ತ ಜೀವಿತವನ್ನು ಕುರಿತ ಅದರ ಮೂರನೆಯ ಭಾಗಕ್ಕೆ ಕೃತಜ್ಞತೆಯೆಂದೇ ಹೆಸರು. ‘ಕೃತಜ್ಞತೆ’ ಎಂಬ ನಮ್ಮ ಮಾತಿನಲ್ಲಿಯೇ ಮಾಡಿದ್ದನ್ನು ಅರಿಯುವುದೆಂಬ ಅರ್ಥ ಅಡಗಿದೆ. ಅದು ಮೊದಲು ಭಾವವಲ್ಲ, ಅರಿವು: ಈ ರೊಟ್ಟಿಯ ಹಿಂದೆ ಯಾರಾರ ಕೈಗಳಿವೆಯೆಂಬ ಅರಿವು.

4. ನ್ಯಾಯವಾದ ದುಡಿಮೆ: ನಮ್ಮ ನಾಡಿನ ಎರಡು ಪಾಠಗಳು

ದುಡಿಮೆಯು ಆಯುವ ಕೈಯಾಗಿದ್ದರೆ ಆ ಕೈ ಶುದ್ಧವಾಗಿರಬೇಕು. ಕಳ್ಳನು ಕದಿಯುವುದನ್ನು ಬಿಟ್ಟು ಸ್ವಂತ ಕೈಯಿಂದ ದುಡಿಯಲಿ ಎಂದು ಪೌಲನು ಬರೆಯುವಾಗ ಅದಕ್ಕೆ ಕೊಡುವ ಕಾರಣ ಗಮನಾರ್ಹ: ಕೊರತೆಯಲ್ಲಿರುವವನಿಗೆ ಕೊಡಲು ಅವನ ಬಳಿ ಏನಾದರೂ ಇರಬೇಕು (ಎಫೆಸ 4:28). ತನ್ನ ಹೊಟ್ಟೆ ತುಂಬುವಲ್ಲಿಗೆ ದುಡಿಮೆಯ ಗುರಿ ಮುಗಿಯುವುದಿಲ್ಲ.

ಧಾರವಾಡ ಸೀಮೆಯ ಹತ್ತಿಯ ಇತಿಹಾಸದಲ್ಲಿ ಇದಕ್ಕೊಂದು ಎಚ್ಚರಿಕೆಯ ಪಾಠವಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತು, ನಮ್ಮ ಎರೆಹೊಲಗಳ ಹತ್ತಿಯ ಬೆಲೆ ಏರಿತು. ಬೆಲೆಯೊಡನೆ ಮೋಸವೂ ಬೆಳೆಯಿತು. ಒಳ್ಳೆಯ ಅರಳೆಗೆ ಕೀಳು ಅರಳೆಯನ್ನು, ಕಸಕಡ್ಡಿಯನ್ನು ಬೆರೆಸುವುದು ಎಷ್ಟು ಹೆಚ್ಚಿತೆಂದರೆ ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. 1876-78ರ ಮಹಾಕ್ಷಾಮ ಈ ನಾಡನ್ನು ಕಾಡಿತು. ಕ್ಷಾಮವು ಆ ಮೋಸಕ್ಕೆ ಬಂದ ಶಿಕ್ಷೆಯೆಂದು ನಾವು ಹೇಳುವುದಿಲ್ಲ. ಹಸಿದು ಸತ್ತವರು ಮೋಸ ಮಾಡಿದವರಾಗಿರಲಿಲ್ಲ. ಆದರೆ ಬೆರಕೆ ಅರಳೆಯಿಂದ ಬಂದ ಹಣಕ್ಕೆ ಸ್ತೋತ್ರ ಸಲ್ಲಿಸಲು ಯಾವ ಬಾಯಿಯೂ ತೆರೆಯಲಾರದು. ಸುಳ್ಳು ತೂಕ, ಸುಳ್ಳು ಅಳತೆಗಳು ದೇವರಿಗೆ ಅಸಹ್ಯವೆಂದು ಧರ್ಮೋಪದೇಶಕಾಂಡ 25:13-16 ಹೇಳುವುದು ಇದಕ್ಕಾಗಿಯೇ. ಮೋಸದಿಂದ ಗಳಿಸಿದ್ದನ್ನು ದೇವರು ಕೊಟ್ಟನೆಂದು ಹೇಳುವುದು ದೇವರನ್ನು ಆ ಮೋಸದ ಪಾಲುದಾರನನ್ನಾಗಿ ಮಾಡುವುದಾಗಿದೆ.

ಎರಡನೆಯ ಪಾಠ ನಮ್ಮ ಸಭೆಗಳ ಇತಿಹಾಸದ್ದು. ಬಾಸೆಲ್ ಮಿಷನರಿಗಳು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ, 1841ರಲ್ಲಿ ಬೆಟಗೇರಿಗೂ ಬಂದರು. ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಜಾತಿಯನ್ನೂ ಅವುಗಳೊಡನೆ ಕಸುಬನ್ನೂ ಕಳೆದುಕೊಂಡರು. ಅವರ ಅನುದಿನದ ಆಹಾರದ ಪ್ರಶ್ನೆ ಮಿಷನ್ನಿನ ಬಾಗಿಲಿಗೆ ಬಂತು. ಗದಗಿನ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸಾಹತೊಂದನ್ನು ಕಟ್ಟಲು ಮಾಡಿದ ಪ್ರಯತ್ನ ಎಣಿಸಿದ ಫಲವನ್ನು ಕೊಡಲಿಲ್ಲ. ಮಂಗಳೂರಿನಲ್ಲಿ 1851ರಲ್ಲಿ ಬಂದ ಹಾಲರನ ಕೈಕೆಳಗೆ ನೇಯ್ಗೆ ನೆಲೆಗೊಂಡಿತು. 1865ರಲ್ಲಿ ಪ್ಲೆಬ್ಸ್ಟನು ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಭಿಕ್ಷೆಯ ಅನ್ನಕ್ಕಿಂತ ದುಡಿದ ಅನ್ನ ಮೇಲೆಂಬ ನಂಬಿಕೆ ಇವೆಲ್ಲದರ ಹಿಂದಿತ್ತು, ಮತ್ತು ಅದು ಅನೇಕ ಕುಟುಂಬಗಳನ್ನು ಎತ್ತಿ ನಿಲ್ಲಿಸಿತು. ಆದರೂ ಒಂದು ತೊಡಕನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೆಲಸ ಕೊಡುವ ಕೈಯೂ, ವಾಕ್ಯ ಬೋಧಿಸುವ ಕೈಯೂ, ಸಭೆಯ ಶಿಸ್ತನ್ನು ನಡಿಸುವ ಕೈಯೂ ಒಂದೇ ಸಂಸ್ಥೆಯದಾದಾಗ ದೇವರಿಗೆ ಸಲ್ಲಬೇಕಾದ ಸ್ತೋತ್ರ ಯಾವುದು, ಯಜಮಾನನಿಗೆ ಸಲ್ಲುವ ಅಂಜಿಕೆ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ನೊವೊಮಿಯು ಬೋವಜನನ್ನು ಹರಸಿದಳು, ಆದರೆ ಬೋವಜನನ್ನು ಯೆಹೋವನೆಂದು ಭ್ರಮಿಸಲಿಲ್ಲ. ಇಂದಿಗೂ ಶಾಲೆ, ಆಸ್ಪತ್ರೆ, ವಸತಿಗೃಹಗಳಲ್ಲಿ ಜನರನ್ನು ದುಡಿಸಿಕೊಳ್ಳುವ ನಮ್ಮ ಸಭೆಗಳು ಇದನ್ನು ನೆನಪಿನಲ್ಲಿಡತಕ್ಕದ್ದು.

5. ನೆರೆಮನೆಯ ಸಾಕ್ಷಿ

ಈ ನಾಡಿನಲ್ಲಿ ದುಡಿಮೆಯ ಕುರಿತು ಮಾತನಾಡುವ ಕ್ರೈಸ್ತನು ಹನ್ನೆರಡನೆಯ ಶತಮಾನದ ಶರಣರನ್ನು ಕಾಣದವನಂತೆ ದಾಟಿಹೋಗಲಾಗದು. ನಮ್ಮ ಸಭಿಕರ ನೆರೆಹೊರೆಯವರಲ್ಲಿ ಅನೇಕರು ಕಾಯಕ ದಾಸೋಹಗಳ ಮಾತನ್ನು ಕೇಳುತ್ತಲೇ ಬೆಳೆದವರು. ಅವರಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ವಿಚಾರಕ್ಕೆ ಅತಿ ಸಮೀಪದ್ದು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದು ಆಸೆಯ ಗುರುತೆಂದು ಕಂಡು, ಅದನ್ನು ಬಿದ್ದಿದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು.

ಮನ್ನಾದ ಪಾಠವನ್ನು ಬಲ್ಲವರಿಗೆ ಈ ಕಥೆ ಹೊಸದೆನಿಸದು. ಅಲ್ಲಿ ಓಮೆರಿಗೆ ಮಿಕ್ಕದ್ದನ್ನು ಬಚ್ಚಿಟ್ಟಾಗ ಹುಳ ಬಿತ್ತು. ಇಲ್ಲಿ ಹುಳ ಬೀಳುವ ಮುನ್ನವೇ ಒಬ್ಬ ಬಡ ಹೆಣ್ಣುಮಗಳು ಅದನ್ನು ಕಂಡುಹಿಡಿದಳು. ಎರಡು ಸಂಪ್ರದಾಯಗಳ ನಡುವಣ ಭೇದಗಳನ್ನು ನಾವು ಮರೆಮಾಚುವುದಿಲ್ಲ: ಶರಣರಿಗೆ ಕಾಯಕವೇ ಪೂಜೆ, ನಮಗೆ ದುಡಿಮೆಯು ರಕ್ಷಣೆಯ ದಾರಿಯಲ್ಲ, ಕ್ರಿಸ್ತನಲ್ಲಿ ಕೃಪೆಯಿಂದ ರಕ್ಷಿಸಲ್ಪಟ್ಟವರ ಕೃತಜ್ಞತೆಯ ರೂಪ. ಆದರೆ ‘ಇಷ್ಟು ಸಾಕು’ ಎಂದು ಹೇಳಬಲ್ಲ ಲಕ್ಕಮ್ಮನ ಮುಂದೆ ನಮ್ಮ ಸುಗ್ಗಿಹಬ್ಬದ ಸ್ತೋತ್ರಗಳು ಎಷ್ಟು ನಿಜವೆಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

6. ದುಡಿದರೂ ಸಾಲದವರು

ಈಗ ಎರಡನೆಯ ಪ್ರಶ್ನೆಗೆ ನೇರವಾಗಿ ಬರೋಣ. ದುಡಿಯಲೊಲ್ಲದವನು ಊಟ ಮಾಡಬಾರದೆಂಬ 2 ಥೆಸಲೊನೀಕ 3:10ರ ಮಾತನ್ನು ಬಡವರ ವಿರುದ್ಧ ಬಳಸುವುದನ್ನು ಕೇಳಿದ್ದೇವೆ. ಮೂಲದಲ್ಲಿ ಪೌಲನು ಹೇಳುವುದು ಮನಸ್ಸಿಲ್ಲದವನ ಕುರಿತು, ಕೆಲಸ ಸಿಕ್ಕದವನ ಕುರಿತಲ್ಲ. ಮತ್ತಾಯ 20ರ ಸಾಮ್ಯದಲ್ಲಿ ದಿನದ ಕೊನೆಯ ಗಳಿಗೆಯಲ್ಲಿಯೂ ಪೇಟೆಯಲ್ಲಿ ನಿಂತಿದ್ದವರು ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂದು ಹೇಳುತ್ತಾರೆ. ಬೆಳಗಾಗೆದ್ದು ಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗಿ, ಯಾರೂ ಕರೆಯದೆ ಬುತ್ತಿಯೊಡನೆ ಹಿಂದಿರುಗುವವರ ಮಾತೂ ಇದೇ. ದ್ರಾಕ್ಷೇತೋಟದ ಯಜಮಾನನು ಅವರನ್ನು ಸೋಮಾರಿಗಳೆಂದು ಜರೆಯಲಿಲ್ಲ. ತೋಟಕ್ಕೆ ಕಳುಹಿಸಿದನು, ಸಾಯಂಕಾಲ ಒಂದು ದಿನದ ಬದುಕಿಗೆ ಬೇಕಾದ ದಿನಾರಿಯನ್ನು ಅವರಿಗೂ ಕೊಟ್ಟನು. ಇಲ್ಲಿಯೂ ಮನ್ನಾದ ಲೆಕ್ಕವೇ ಕಾಣುತ್ತದೆ: ಕಡಿಮೆ ಆಯ್ದವನಿಗೂ ಕೊರತೆಯಾಗಬಾರದು.

ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ 24:14-15 ಆಜ್ಞಾಪಿಸುತ್ತದೆ. ಅವನ ಜೀವ ಅದರ ಮೇಲೆಯೇ ನಿಂತಿದೆ, ತಡೆದರೆ ಅವನು ದೇವರಿಗೆ ಮೊರೆಯಿಟ್ಟಾನು. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನು ಬರೆಯುತ್ತಾನೆ (5:4). ನಮ್ಮ ದೇಶದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಕೂಲಿಯನ್ನು 15 ದಿನಗಳೊಳಗೆ ಕೊಡಬೇಕೆಂದು ವಿಧಿಸಿದಾಗ ಈ ಆಜ್ಞೆಯ ದೂರದ ಪ್ರತಿಧ್ವನಿಯನ್ನು ಅದರಲ್ಲಿ ಕೇಳಬಹುದಾಗಿತ್ತು. ಒಳ್ಳೆಯ ಆಡಳಿತವೂ ಅನುದಿನದ ಆಹಾರದ ಭಾಗವೆಂದು ಲೂಥರನು ಹೇಳಿದ್ದು ಸುಮ್ಮನೆ ಅಲ್ಲ.

ಹೀಗಿರುವಾಗ ಕೂಲಿ ಕೈಸೇರದವಳಿಗೆ ಬೇಕಾಗಿರುವುದೇನು? ಇರುವುದಕ್ಕಾಗಿ ಸುಮ್ಮನೆ ಸ್ತೋತ್ರ ಹೇಳು ಎಂಬ ಉಪದೇಶವಲ್ಲ. ದೇವರು ಅವಳಿಗಾಗಿ ಇಟ್ಟದ್ದು ನಡುವೆ ಯಾರದೋ ಕೈಯಲ್ಲಿ ನಿಂತಿದೆ. ಅವಳ ಮೊರೆಯೂ ಪ್ರಾರ್ಥನೆಯೇ. ಆ ಮೊರೆಗೆ ದನಿಗೂಡಿಸುವುದು ಸಭೆಯ ಕರ್ತವ್ಯ. ಮಳೆಯೇ ಬಾರದ ವರ್ಷದಲ್ಲಿಯೂ ಇದೇ ವಿವೇಕ ಬೇಕು. 2023ರಲ್ಲಿ ಕರ್ನಾಟಕ ಸರ್ಕಾರವು 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷದಲ್ಲಿ ಬರಕ್ಕಾಗಿ ಸ್ತೋತ್ರ ಸಲ್ಲಿಸೆಂದು ಸತ್ಯವೇದವು ಎಲ್ಲಿಯೂ ಹೇಳುವುದಿಲ್ಲ. ಹಬಕ್ಕೂಕನು ಅಂಜೂರವು ಚಿಗುರದ, ಹೊಲವು ಆಹಾರ ಕೊಡದ, ಹಟ್ಟಿಯಲ್ಲಿ ದನವಿಲ್ಲದ ಸ್ಥಿತಿಯನ್ನು ಒಂದೊಂದಾಗಿ ಎಣಿಸಿ, ಏನನ್ನೂ ಮುಚ್ಚಿಡದೆ ಹೇಳಿದ ಮೇಲೆಯೇ ಯೆಹೋವನಲ್ಲಿ ಆನಂದಿಸುವೆನೆಂದನು (3:17-18). ಇಲ್ಲದ್ದನ್ನು ಇಲ್ಲವೆನ್ನುವುದು ಅವಿಶ್ವಾಸವಲ್ಲ. ಕೊಡುವವನು ಇನ್ನೂ ಇದ್ದಾನೆಂದು ನಂಬಿದವನೇ ಅವನ ಮುಂದೆ ಬರಿಗೈ ಚಾಚಿ ನಿಲ್ಲಬಲ್ಲನು.

7. ಸಭೆಯಲ್ಲಿ ಕೃತಜ್ಞತೆಯ ನಡೆ

ಇಷ್ಟರಿಂದ ಸಭಾಪಾಲನೆಗೆ ಉಪಯುಕ್ತವಾದ ಕೆಲವು ಮಾತುಗಳು ಹೊರಡುತ್ತವೆ.

ಮೊದಲನೆಯದಾಗಿ, ಸುಗ್ಗಿಹಬ್ಬದ ಆರಾಧನೆಯನ್ನು ಧರ್ಮೋಪದೇಶಕಾಂಡ 26ರ ಕ್ರಮದಲ್ಲಿ ನಡಿಸಬಹುದು. ಅಲ್ಲಿ ಪ್ರಥಮಫಲದ ಪುಟ್ಟಿಯನ್ನು ಹೊತ್ತು ತಂದವನು ತನ್ನ ಶ್ರಮವನ್ನು ಕೊಂಡಾಡುವುದಿಲ್ಲ. ಅಲೆಮಾರಿಯಾಗಿದ್ದ ಪೂರ್ವಜನನ್ನೂ ದಾಸತ್ವದಿಂದ ಬಿಡಿಸಿದ ದೇವರನ್ನೂ ನೆನೆಯುತ್ತಾನೆ. ಬಳಿಕ ಲೇವಿಯನೂ ಪರದೇಶಿಯೂ ಅವನೊಡನೆ ಉಂಡು ಸಂತೋಷಪಡಬೇಕು (26:11). ಕಾಣಿಕೆಯ ಜೋಳದ ಚೀಲವನ್ನು ಹರಾಜಿನಲ್ಲಿ ಯಾರು ಎಷ್ಟಕ್ಕೆ ಕೊಂಡರೆಂಬುದರಲ್ಲಿಯೇ ಹಬ್ಬ ಮುಗಿದರೆ, ಹೊಲದಲ್ಲಿ ದುಡಿದವರು ಪಂಕ್ತಿಯಲ್ಲಿ ಕುಳಿತು ಉಣ್ಣದಿದ್ದರೆ, ಅದು ಅರ್ಧ ಹಬ್ಬ. ಸೀಗೆ ಹುಣ್ಣಿಮೆಯಂದು ಹೊಲದಲ್ಲಿ ಚರಗ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುವ ನಮ್ಮ ನೆರೆಯವರ ವಾಡಿಕೆ ಇದನ್ನು ನಮಗೆ ನೆನಪಿಸಬಲ್ಲದು.

ಎರಡನೆಯದಾಗಿ, ಊಟದ ಮುಂಚಿನ ಪ್ರಾರ್ಥನೆಯಲ್ಲಿ ಕೈಗಳನ್ನು ನೆನೆಯಲು ಮಕ್ಕಳಿಗೆ ಕಲಿಸಬೇಕು. ಕೊಟ್ಟ ದೇವರೊಡನೆ ಬಿತ್ತಿದವರನ್ನು, ಕೊಯ್ದವರನ್ನು, ಬೀಸಿದವರನ್ನು, ರೊಟ್ಟಿ ಬಡಿದವರನ್ನು ಹೆಸರಿಸುವ ಪ್ರಾರ್ಥನೆಯು ದೇವರ ಮಹಿಮೆಯನ್ನು ಕುಗ್ಗಿಸುವುದಿಲ್ಲ. ಅವನ ಮುಖವಾಡಗಳನ್ನು ಗುರುತಿಸುತ್ತದೆ.

ಮೂರನೆಯದಾಗಿ, ಸಭೆಯಲ್ಲಿರುವ ಹೊಲದ ಒಡೆಯರೊಡನೆ ಕೂಲಿಯ ಕುರಿತು ಮಾತನಾಡಲು ನಾವು ಅಂಜಬಾರದು. ಸರಿಯಾದ ಕೂಲಿ, ಸರಿಯಾದ ಹೊತ್ತಿಗೆ, ಹೆಣ್ಣಾಳಿಗೂ ಗಂಡಾಳಿಗೂ ಒಂದೇ ನ್ಯಾಯ: ಇವು ರಾಜಕೀಯದ ಮಾತುಗಳಲ್ಲ, ನಾಲ್ಕನೆಯ ಬೇಡಿಕೆಯ ವಿವರಣೆ. ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕ್ಷಾಮದ ದಿನಗಳಲ್ಲಿ ಬಾಸಿಲನು ಲೂಕ 12ರ ಬುದ್ಧಿಹೀನ ಐಶ್ವರ್ಯವಂತನ ಸಾಮ್ಯವನ್ನು ಬೋಧಿಸುತ್ತಾ, ಕೂಡಿಟ್ಟ ರೊಟ್ಟಿ ಹಸಿದವನದೆಂದು ಹೇಳಲು ಹಿಂಜರಿಯಲಿಲ್ಲ. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ ಕೊರಿಂಥದವರಿಗೆ ತೋರಿಸಿದ ಆಧಾರವೂ ಮನ್ನಾದ ಲೆಕ್ಕವೇ (2 ಕೊರಿಂಥ 8:13-15).

ನಾಲ್ಕನೆಯದು ನಮ್ಮ ಕುರಿತೇ. ಸಭಾಪಾಲಕನ ರೊಟ್ಟಿ ಹೆಚ್ಚಾಗಿ ಇತರರ ದುಡಿಮೆಯಿಂದ ಬರುತ್ತದೆ. ಸುವಾರ್ತೆ ಸಾರುವವರು ಅದರಿಂದಲೇ ಜೀವಿಸುವ ಹಕ್ಕನ್ನು ಪೌಲನು ಸ್ಥಾಪಿಸಿದನು (1 ಕೊರಿಂಥ 9), ಆದರೂ ಡೇರೆ ಹೊಲಿಯುವ ಕಸುಬನ್ನು ಬಿಡಲಿಲ್ಲ (ಅ. ಕೃತ್ಯ 18:3). ಆದಿಸಭೆಯ ‘ದಿದಖೆ’ ಎಂಬ ಗ್ರಂಥವು ಪ್ರಯಾಣದಲ್ಲಿರುವ ಬೋಧಕನಿಗೆ ಮುಂದಿನ ತಂಗುದಾಣದವರೆಗೆ ಸಾಲುವ ರೊಟ್ಟಿಯನ್ನಷ್ಟೇ ಕೊಡಬೇಕೆಂದು, ಹಣ ಕೇಳಿದರೆ ಅವನು ಸುಳ್ಳು ಪ್ರವಾದಿಯೆಂದು ಎಚ್ಚರಿಸುತ್ತದೆ. ಕಸ ತೆಗೆದು ಗಳಿಸಿದ ಕೂಲಿಯಿಂದ ಹೆಣ್ಣುಮಗಳೊಬ್ಬಳು ಕಾಣಿಕೆಯ ಚೀಲದಲ್ಲಿ ಹಾಕಿದ ನೋಟಿನಲ್ಲಿ ನಮ್ಮ ಅನುದಿನದ ಆಹಾರವಿದೆ. ಅದನ್ನು ಉಣ್ಣುವವನು ತನ್ನ ಪ್ರಸಂಗದ ಸಿದ್ಧತೆಯಲ್ಲಿ, ರೋಗಿಗಳ ಭೇಟಿಯಲ್ಲಿ, ಲೆಕ್ಕಪತ್ರದಲ್ಲಿ ಅಷ್ಟೇ ನ್ಯಾಯವಾಗಿ ದುಡಿಯಬೇಕು.

ಕೊನೆಯದಾಗಿ ಕರ್ತನ ಮೇಜಿಗೆ ಬರೋಣ. ಕ್ರಿಸ್ತನು ಆ ರಾತ್ರಿ ಕೈಯಲ್ಲಿ ತೆಗೆದುಕೊಂಡದ್ದು ಗೋಧಿಯ ಕಾಳನ್ನಲ್ಲ, ರೊಟ್ಟಿಯನ್ನು. ದ್ರಾಕ್ಷಿಯ ಗೊಂಚಲನ್ನಲ್ಲ, ಪಾತ್ರೆಯ ರಸವನ್ನು. ಉತ್ತವರ, ಕೊಯ್ದವರ, ಬೀಸಿದವರ, ಹಿಂಡಿದವರ ದುಡಿಮೆಯೆಲ್ಲ ಅವನ ಕೈಯಲ್ಲಿತ್ತು. ಅದನ್ನು ಹಿಡಿದು ಅವನು ಸ್ತೋತ್ರ ಮಾಡಿದನು, ಮುರಿದನು, ಎಲ್ಲರಿಗೂ ಕೊಟ್ಟನು. ದುಡಿದುಣ್ಣುವ ರೊಟ್ಟಿಗೆ ಸ್ತೋತ್ರವೇಕೆಂದು ಕೇಳುವವನಿಗೂ, ದುಡಿದರೂ ರೊಟ್ಟಿ ಸಾಲದವಳಿಗೂ ಸಭೆಯು ಆ ಮೇಜಿನಲ್ಲಿ ಒಂದೇ ತುಂಡನ್ನು ಕೊಡುತ್ತದೆ. ಅಲ್ಲಿ ಒಟ್ಟಿಗೆ ಉಂಡವರು ಮರುದಿನ ಹೊಲದಲ್ಲಿ ಎದುರಾದಾಗ ಒಡೆಯನು ಕೂಲಿಯನ್ನು ತಡೆಯದಿರಲಿ, ಹಕ್ಕಲನ್ನು ಬಿಡಲಿ, ಇಷ್ಟು ಸಾಕೆನ್ನಲು ಕಲಿಯಲಿ. ನಮ್ಮ ಸ್ತೋತ್ರವು ದೇವರಿಗೆ ಮೆಚ್ಚಿಗೆಯಾಯಿತೆಂಬುದು ಆಗ ಆ ಹೊಲದಲ್ಲಿಯೇ ತಿಳಿದುಬರುವುದು.